ನಕ್ಷೆಯಲ್ಲಿ 74 ಮೀಟರ್, ಸೀಲಿಂಗ್ ಮೇಲೆ 101

ನಾಲ್ಕು ಮಹಡಿಯ ಆ ಆಫೀಸ್ ಕಟ್ಟಡದ ನಕ್ಷೆ ನನ್ನ ಕೈಗೆ ಬಂದಾಗ ಗೋಡೆಗಳು ಎದ್ದಿದ್ದವು, ಸೀಲಿಂಗ್ ಇನ್ನೂ ಮುಚ್ಚಿರಲಿಲ್ಲ. ಡೇಟಾ ವೈರಿಂಗ್ ಪ್ಲಾನ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಬೀಮ್ ಎಲ್ಲಿದೆ, ಎಸಿ ಡಕ್ಟ್ ಎಲ್ಲಿ ತಿರುಗುತ್ತದೆ, ನೀರಿನ ಪೈಪು ಎಲ್ಲಿ ಇಳಿಯುತ್ತದೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಒಂದು ಸಲ ಸೀಲಿಂಗ್ ಮುಚ್ಚಿದರೆ ಆಮೇಲೆ ಪ್ರತಿಯೊಂದಕ್ಕೂ ಏಣಿ ಹಾಕಬೇಕು, ಟೈಲ್ ಎತ್ತಬೇಕು.

ನಕ್ಷೆಯಲ್ಲಿ ಪ್ರತಿ ಮಹಡಿಯ ಒಂದು ಮೂಲೆಯಲ್ಲಿ ಚಿಕ್ಕ ಚೌಕ ಬರೆದು 'ನೆಟ್‌ವರ್ಕ್ ರೂಮ್' ಎಂದು ಹಾಕಿದ್ದರು. ಆರ್ಕಿಟೆಕ್ಟ್ ಒಂದು ಗೆರೆ ಎಳೆದು ತೋರಿಸಿದರು. "ತೀರಾ ದೂರದ ಸೀಟು ಇಲ್ಲಿಂದ 74 ಮೀಟರ್ ಮೇಡಂ. ನಿಮ್ಮ ಮಿತಿ 90 ಅಲ್ವಾ? ಆರಾಮಾಗಿ ಆಗುತ್ತೆ."

ಮಿತಿ 90 ಎನ್ನುವುದು ನಿಜ. ನೆಟ್‌ವರ್ಕ್ ರೂಮಿನಲ್ಲಿ ಕಂಪ್ಯೂಟರ್‌ಗಳನ್ನೆಲ್ಲ ಜೋಡಿಸುವ ಸ್ವಿಚ್ ಎಂಬ ಸಾಧನದಿಂದ ಕಂಪ್ಯೂಟರ್‌ವರೆಗೆ ತಾಮ್ರದ ಕೇಬಲ್ ಒಟ್ಟು 100 ಮೀಟರ್ ದಾಟಬಾರದು. ಅದರಲ್ಲಿ 90 ಮೀಟರ್ ಗೋಡೆಯೊಳಗೆ, ಸೀಲಿಂಗ್ ಮೇಲೆ ಕೂರುವ ಗಟ್ಟಿ ಎಳೆಯ ಕೇಬಲ್‌ಗೆ. ಉಳಿದ 10 ಮೀಟರ್ ಎರಡೂ ತುದಿಯಲ್ಲಿ ಚುಚ್ಚುವ ಗಿಡ್ಡ ವೈರುಗಳಿಗೆ, ಅಂದರೆ ಪ್ಯಾಚ್ ಕಾರ್ಡ್‌ಗಳಿಗೆ. ಪ್ಯಾಚ್ ಕಾರ್ಡ್‌ ಬಾಗಬೇಕು, ಅದಕ್ಕೇ ಸಣ್ಣ ಸಣ್ಣ ಎಳೆಗಳನ್ನು ಹೊಸೆದು ಮಾಡಿರುತ್ತಾರೆ. ಅದರಲ್ಲಿ ಸಿಗ್ನಲ್ ಸ್ವಲ್ಪ ಜಾಸ್ತಿ ಸೋರುತ್ತದೆ. ಹಾಗಾಗಿ ಅದಕ್ಕೆ ಕಮ್ಮಿ ಪಾಲು.

ಆದರೆ ಆ 74 ಮೀಟರ್ ಕಾಗದದ ಮೇಲಿನ ಓರೆ ಗೆರೆ. ಕೇಬಲ್ ಓರೆಯಾಗಿ ಹೋಗುವುದಿಲ್ಲ. ಕೇಬಲ್ ಮಲಗಿಸುವ ಟ್ರೇ ಗೋಡೆಯ ಪಕ್ಕದಲ್ಲಿ ಸಾಗುತ್ತದೆ, ಮೂಲೆಯಲ್ಲಿ ತಿರುಗುತ್ತದೆ. ನಾನು ಸಹಾಯಕ್ಕೆ ಒಬ್ಬ ಹುಡುಗನನ್ನು ಕರೆದುಕೊಂಡು ಟೇಪು ಹಿಡಿದು ನಡೆದೆ. ಉದ್ದಕ್ಕೆ 70 ಮೀಟರ್, ಅಡ್ಡಕ್ಕೆ 24. ಅಲ್ಲಿಗೇ 94 ಆಯಿತು. ಸ್ವಿಚ್ ಕೂರಿಸುವ ರ್ಯಾಕ್‌ನಿಂದ ಮೇಲೆ ಹತ್ತಲು 2, ಆ ಕೊನೆಯಲ್ಲಿ ಕಂಬದ ಪಕ್ಕ ಇಳಿದು ಮೇಜಿಗೆ ಸೇರಲು 3, ಮುಂದೆ ಯಾವತ್ತಾದರೂ ಬೇಕಾಗುತ್ತದೆ ಎಂದು ಸುತ್ತಿಡಲು 2. ಒಟ್ಟು 101.

ಆ ಹನ್ನೊಂದು ಮೀಟರ್ ಜಾಸ್ತಿಯಾದರೆ ಏನಾಗುತ್ತದೆ? ಎಷ್ಟೋ ಸಲ ಏನೂ ಆಗುವುದಿಲ್ಲ. ಅದೇ ತೊಂದರೆ. ಮೊದಲ ದಿನ ಸ್ವಿಚ್‌ನ ಲೈಟ್ ಹತ್ತುತ್ತದೆ, ಎಲ್ಲರೂ ಖುಷಿ. ಮುಂದೊಂದು ದಿನ ಸ್ವಿಚ್ ಬದಲಾಗುತ್ತದೆ, ವೇಗ ಏರುತ್ತದೆ, ಕೇಬಲ್ ಮೇಲೆಯೇ ಕರೆಂಟ್ ಕಳಿಸುವ ಸಾಧನ ಬರುತ್ತದೆ. ಆಗ ಆ ಮೂಲೆಯ ಸೀಟುಗಳು ಮಾತ್ರ ಕಾಡಲು ಶುರು ಮಾಡುತ್ತವೆ. ಕಾರಣ ಯಾರಿಗೂ ಹೊಳೆಯುವುದಿಲ್ಲ. ಸ್ವಿಚ್ ಐದಾರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಒಳಗೆ ಹೋದ ಕೇಬಲ್ ಹದಿನೈದು ವರ್ಷವಾದರೂ ಅಲ್ಲೇ ಇರುತ್ತದೆ.

ರೂಮನ್ನು ಮಧ್ಯಕ್ಕೆ ತರಬೇಕು ಎಂದೆ. ಆರ್ಕಿಟೆಕ್ಟ್‌ಗೆ ಇಷ್ಟವಾಗಲಿಲ್ಲ. ಅವರ ಕಡೆಯಿಂದ ನೋಡಿದರೆ ಅದೂ ಸರಿಯೇ. ಮಧ್ಯದ ಜಾಗ ಎಲ್ಲರಿಗೂ ಬೇಕು. ಮೊದಲು ಅವರು ಶೌಚಾಲಯದ ಪಕ್ಕದ ಒಂದು ಕೋಣೆ ಕೊಟ್ಟರು. ಅದರ ನೇರ ಮೇಲೆ, ಮೇಲಿನ ಮಹಡಿಯ ಶೌಚಾಲಯದ ಪೈಪುಗಳು ಹಾದು ಹೋಗುತ್ತಿದ್ದವು. ರ್ಯಾಕ್ ಮೇಲೆ ನೀರಿನ ಪೈಪು ಇರುವ ರೂಮನ್ನು ನಾನು ಒಪ್ಪುವುದಿಲ್ಲ. ಪೈಪು ಇವತ್ತಲ್ಲ ನಾಳೆ ಜಿನುಗಿಯೇ ಜಿನುಗುತ್ತದೆ. ಎರಡು ವಾರ ಮಾತುಕತೆ ನಡೆಯಿತು. ಕೊನೆಗೆ ಉದ್ದದ ಗೋಡೆಯ ಮಧ್ಯದಲ್ಲಿದ್ದ ಸಾಮಾನು ಕೋಣೆಗೂ ಮೂಲೆಯ ನೆಟ್‌ವರ್ಕ್ ರೂಮಿಗೂ ಅದಲುಬದಲು ಮಾಡಿಕೊಂಡೆವು. ನಾಲ್ಕೂ ಮಹಡಿಯಲ್ಲಿ ಒಂದರ ಮೇಲೊಂದು ನೇರವಾಗಿ ಬರುವ ಹಾಗೆ. ಹಾಗೆ ಬಂದರೆ ಮಹಡಿಯಿಂದ ಮಹಡಿಗೆ ಹೋಗುವ, ಬೆಳಕಿನಲ್ಲಿ ಡೇಟಾ ಒಯ್ಯುವ ಫೈಬರ್ ಕೇಬಲ್‌ಗೆ ಕೆಳಗಿನಿಂದ ಮೇಲಿನವರೆಗೆ ನೆಟ್ಟಗೆ ದಾರಿ ಸಿಗುತ್ತದೆ.

ಈಗ ತೀರಾ ದೂರದ ಸೀಟು 35 ಮತ್ತು 24 ಸೇರಿ 59, ಹತ್ತಿ ಇಳಿಯುವ 7 ಸೇರಿ 66 ಮೀಟರ್. ಆ ದಿನ ರಾತ್ರಿ ನಿಶ್ಚಿಂತೆಯಿಂದ ಮಲಗಿದೆ.

ಮುಂದಿನ ಪ್ರಶ್ನೆ, ಕೇಬಲ್ ಚುಚ್ಚುವ ಪಾಯಿಂಟ್ ಎಷ್ಟು? ಕಂಪನಿಯ ಕಡೆಯವರು "ಎಲ್ಲರದ್ದೂ ಲ್ಯಾಪ್‌ಟಾಪ್, ಎಲ್ಲ ವೈಫೈ. ಮೇಜಿಗೆ ಒಂದು ಪಾಯಿಂಟ್ ಸಾಕು, ಅದೂ ಯಾಕೆ?" ಎಂದರು. ಈ ಮಾತು ಈಗ ಎಲ್ಲ ಕಡೆ ಕೇಳುತ್ತೇನೆ. ವೈಫೈ ಬಂದರೆ ವೈರ್ ಹೋಗುವುದಿಲ್ಲ, ಸೀಲಿಂಗ್‌ಗೆ ಹತ್ತುತ್ತದೆ ಅಷ್ಟೇ. ಪ್ರತಿ ವೈಫೈ ಪೆಟ್ಟಿಗೆಯ ಹಿಂದೆಯೂ ಒಂದು ಕೇಬಲ್ ಇದ್ದೇ ಇರುತ್ತದೆ. ನೂರು ಜನರ ಕೆಲಸ ಅಂಥ ಹತ್ತಾರು ಕೇಬಲ್ ಮೇಲೆ ನಿಂತಿರುತ್ತದೆ.

ಮೇಜಿಗೆ ಎರಡು ಪಾಯಿಂಟ್ ಎನ್ನುವುದು ಹಳೆಯ ನಿಯಮ. ಆಫೀಸ್ ಕಟ್ಟಡಗಳ ವೈರಿಂಗ್‌ಗೆ ಒಂದು ಸಮಾನ ರೀತಿ ಇರಲಿ ಎಂದು ಅಮೆರಿಕದ ಟಿಐಎ-568 ಎಂಬ ಮಾನದಂಡ ಬಂದದ್ದು 1991ರಲ್ಲಿ. ಅದಕ್ಕೂ ಮುಂಚೆ ಕಂಪ್ಯೂಟರ್ ಮಾರುವ ಒಂದೊಂದು ಕಂಪನಿಗೂ ಒಂದೊಂದು ಬಗೆಯ ವೈರು. ಕಂಪ್ಯೂಟರ್ ಬದಲಿಸಿದರೆ ವೈರನ್ನೂ ಕಿತ್ತು ಹಾಕಬೇಕಿತ್ತು. ಆವತ್ತು ಒಂದು ಪಾಯಿಂಟ್ ಫೋನಿಗೆ, ಒಂದು ಡೇಟಾಗೆ ಎಂದು ಎಣಿಸಿದ್ದರು. ಈಗ ಫೋನ್ ಇಲ್ಲದಿದ್ದರೂ ಎರಡನೆಯದು ಬೇಕು ಎಂದೇ ನಾನು ಹೇಳುತ್ತೇನೆ. ಹೇಗೂ ಟ್ರೇ ತೆರೆದಿರುತ್ತದೆ, ಕೆಲಸದವರು ಏಣಿ ಮೇಲೆ ಇರುತ್ತಾರೆ. ಆವತ್ತು ಇನ್ನೊಂದು ಎಳೆ ಜೊತೆಗೆ ಎಳೆಯುವುದು ಸುಲಭ. ಎರಡು ವರ್ಷದ ಮೇಲೆ ಆ ಒಂದು ಎಳೆಗಾಗಿ ಮೇಲಿನ ಟೈಲ್ ಎಲ್ಲ ಬಿಚ್ಚಬೇಕಾಗುತ್ತದೆ.

ನಾನು ಸುಮ್ನೆ ವಾದ ಮಾಡಲಿಲ್ಲ. ಮೂವರು ವಿಭಾಗದ ಮುಖ್ಯಸ್ಥರನ್ನು ಕರೆದು ಖಾಲಿ ಮಹಡಿಯಲ್ಲಿ ನಡೆಸಿದೆ. ಸುಣ್ಣದ ಬಳಪದಲ್ಲಿ ಮೇಜುಗಳನ್ನು ನೆಲದ ಮೇಲೆ ಬರೆದಿದ್ದೆವು. "ಇಲ್ಲಿ ಪ್ರಿಂಟರ್ ಬರುತ್ತಾ? ಈ ಬಾಗಿಲಿಗೆ ಕಾರ್ಡ್ ಲಾಕ್ ಇದೆಯಾ? ಕ್ಯಾಮೆರಾ ಯಾವ ಕಡೆ ನೋಡಬೇಕು?" ಎಂದು ಒಂದೊಂದೇ ಕೇಳುತ್ತಾ ಹೋದೆ. ಮೀಟಿಂಗ್ ರೂಮಿನ ಟಿವಿ ಒಂದು ಗೋಡೆಗೆ, ಮೇಜು ಇನ್ನೊಂದು ಕಡೆಗೆ ಎಂದು ಆವಾಗಲೇ ಗೊತ್ತಾಯಿತು. ನಕ್ಷೆಯಲ್ಲಿ ಟಿವಿಯೇ ಇರಲಿಲ್ಲ. ಸಂಜೆಯ ಹೊತ್ತಿಗೆ ಒಂದು ಮಹಡಿಯ ಲೆಕ್ಕ ಸಿಕ್ಕಿತು. 96 ಮೇಜಿಗೆ 192, 12 ವೈಫೈಗೆ ಎರಡೆರಡರಂತೆ 24, ಆರು ಮೀಟಿಂಗ್ ರೂಮಿಗೆ 24, ಕ್ಯಾಮೆರಾ 10, ಬಾಗಿಲು 4, ಪ್ರಿಂಟರ್ 6. ಒಟ್ಟು 260. ಈ ಕೇಬಲ್‌ಗಳೆಲ್ಲ ರ್ಯಾಕ್‌ನಲ್ಲಿ ಬಂದು ಕೂರುವ ಪಟ್ಟಿಯೇ ಪ್ಯಾಚ್ ಪ್ಯಾನೆಲ್. ಒಂದಕ್ಕೆ 24 ಪೋರ್ಟ್. ಹನ್ನೊಂದು ಪ್ಯಾನೆಲ್ ಸಾಲುತ್ತಿತ್ತು, ಆದರೆ ನಾಲ್ಕೇ ಪೋರ್ಟ್ ಉಳಿಯುತ್ತಿತ್ತು. ಹನ್ನೆರಡು ಬರೆದೆ.

ಯಾವ ಕೇಬಲ್ ಎಂಬುದು ಇನ್ನೊಂದು ಚರ್ಚೆ. ಕ್ಯಾಟ್ 6 ಎಂಬ ದರ್ಜೆಯ ಕೇಬಲ್‌ನಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗ ಪೂರ್ತಿ 100 ಮೀಟರ್ ಹೋಗುತ್ತದೆ. ಹತ್ತು ಗಿಗಾಬಿಟ್ ಬೇಕೆಂದರೆ ಹೆಚ್ಚೆಂದರೆ 55 ಮೀಟರ್, ಕೇಬಲ್‌ಗಳು ಒತ್ತೊತ್ತಾಗಿ ಕೂತಿದ್ದರೆ ಅದೂ ಇಲ್ಲ. ಕ್ಯಾಟ್ 6ಎ ಹತ್ತು ಗಿಗಾಬಿಟ್ ಅನ್ನೂ 100 ಮೀಟರ್ ಒಯ್ಯುತ್ತದೆ. ಹಾಗಿದ್ದರೆ ಎಲ್ಲ ಕಡೆ 6ಎ ಹಾಕಿಬಿಡಿ ಎನ್ನುವವರಿದ್ದಾರೆ. ಅದು ದಪ್ಪ, ಬಿರುಸು, ಬಾಗಿಸುವುದು ಕಷ್ಟ, ಟ್ರೇ ದೊಡ್ಡದು ಬೇಕು. ಮೇಜಿನ ಮುಂದೆ ಕೂತು ಕಡತ ನೋಡುವವರಿಗೆ ಒಂದು ಗಿಗಾಬಿಟ್ ಬಹಳ ವರ್ಷ ಸಾಕು. ಅವರಿಗೆ ಕ್ಯಾಟ್ 6 ಹಾಕಿದೆವು. ವೈಫೈ ಪೆಟ್ಟಿಗೆಗಳಿಗೆ ಮಾತ್ರ 6ಎ. ಅವುಗಳ ವೇಗ ವರ್ಷ ವರ್ಷ ಏರುತ್ತಿದೆ. ಮೇಲಾಗಿ ಅವಕ್ಕೆ ಕರೆಂಟ್ ಕೂಡ ಅದೇ ಕೇಬಲ್‌ನಲ್ಲಿ ಹೋಗುತ್ತದೆ. 2003ರಲ್ಲಿ ಈ ಪದ್ಧತಿಗೆ ಮಾನದಂಡ ಬಂದಾಗ ಒಂದು ಪೋರ್ಟ್‌ನಿಂದ 15.4 ವ್ಯಾಟ್ ಕೊಡುತ್ತಿದ್ದರು. 2009ಕ್ಕೆ 30 ಆಯಿತು. 2018ರಿಂದ 90 ವ್ಯಾಟ್‌ವರೆಗೆ ಕೊಡಬಹುದು. ಅಷ್ಟು ಕರೆಂಟ್ ಹರಿದರೆ ಕೇಬಲ್ ಬಿಸಿಯಾಗುತ್ತದೆ. ದೊಡ್ಡ ಕಟ್ಟಿನ ನಡುವೆ ಸಿಕ್ಕಿಕೊಂಡ ಕೇಬಲ್ ಇನ್ನೂ ಬಿಸಿ. ಅದಕ್ಕೇ 24ಕ್ಕಿಂತ ಜಾಸ್ತಿ ಕೇಬಲ್ ಸೇರಿಸಿ ಕಟ್ಟಬೇಡಿ, ಪ್ಲಾಸ್ಟಿಕ್ ಟೈ ಬೇಡ, ವೆಲ್ಕ್ರೋ ಪಟ್ಟಿ ಸಾಕು ಎಂದು ಕರಾರಿನಲ್ಲೇ ಬರೆಸಿದೆ. ಟೈ ಬಿಗಿದರೆ ಕೇಬಲ್‌ನ ಸೊಂಟ ಹಿಂಡಿದ ಹಾಗೆ. ಒಳಗೆ ಜೋಡಿ ಜೋಡಿಯಾಗಿ ಹೊಸೆದ ಹುರಿಯ ಆಕಾರ ಕೆಡುತ್ತದೆ.

ಟ್ರೇ ಲೆಕ್ಕ ನನಗೆ ತುಂಬ ಇಷ್ಟದ ಭಾಗ. ಕ್ಯಾಟ್ 6 ಕೇಬಲ್ ಸುಮಾರು 6 ಮಿಲಿಮೀಟರ್ ದಪ್ಪ. ಅಂದರೆ ಒಂದೊಂದು ಕೇಬಲ್ 28 ಚದರ ಮಿಲಿಮೀಟರ್ ಜಾಗ ತಿನ್ನುತ್ತದೆ. ವೈಫೈಯದ್ದು ಬಿಟ್ಟು ಉಳಿದ 236 ಕೇಬಲ್‌ಗೆ 6,608. ನಾವು ಆರಿಸಿದ 6ಎ ಏಳೂವರೆ ಮಿಲಿಮೀಟರ್, 24 ಕೇಬಲ್‌ಗೆ ಇನ್ನೊಂದು 1,056. ಒಟ್ಟು 7,664. ಆದರೆ ಟ್ರೇಯನ್ನು ಮೊದಲ ದಿನವೇ ತುಂಬಿಸಬಾರದು. ನೂರಕ್ಕೆ 40 ಪಾಲು ತುಂಬಿಸಿ ಉಳಿದದ್ದನ್ನು ಮುಂದಕ್ಕೆ ಬಿಡಬೇಕು. ಹಾಗಾಗಿ 19,160 ಚದರ ಮಿಲಿಮೀಟರ್‌ನ ಟ್ರೇ ಬೇಕು. ರೂಮು ಮೂಲೆಯಲ್ಲೇ ಇದ್ದಿದ್ದರೆ ಇಷ್ಟೂ ಒಂದೇ ಟ್ರೇಯಲ್ಲಿ ಬರಬೇಕಿತ್ತು. ಮಧ್ಯಕ್ಕೆ ಬಂದದ್ದರಿಂದ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಹೋದವು. 200 ಮಿಲಿಮೀಟರ್ ಅಗಲ, 50 ಎತ್ತರದ ಟ್ರೇ ಎರಡು ಕಡೆಗೂ ಸರಿಯಾಯಿತು. ಎಸಿ ಡಕ್ಟ್‌ನ ಕೆಳಗೆ ಅಷ್ಟೇ ಜಾಗ ಇದ್ದದ್ದು.

ಕೇಬಲ್ ಪೆಟ್ಟಿಗೆ ಎಷ್ಟು ತರಿಸಬೇಕು ಎಂಬಲ್ಲಿ ಹೊಸಬರು ಎಡವುತ್ತಾರೆ. ಒಂದು ಪೆಟ್ಟಿಗೆಯಲ್ಲಿ 305 ಮೀಟರ್ ಕೇಬಲ್ ಇರುತ್ತದೆ. ನಮ್ಮ ಕ್ಯಾಟ್ 6 ಕೇಬಲ್ ಸರಾಸರಿ 44 ಮೀಟರ್ ಬಂತು. 236ಕ್ಕೆ ಗುಣಿಸಿ 305ರಿಂದ ಭಾಗಿಸಿದರೆ ಒಂದು ಮಹಡಿಗೆ 35 ಪೆಟ್ಟಿಗೆ. ಆದರೆ ಒಂದು ಪೆಟ್ಟಿಗೆಯಲ್ಲಿ 44 ಮೀಟರ್‌ನ ಆರು ತುಂಡು ಮಾತ್ರ ಸಿಗುತ್ತವೆ, ಏಳನೆಯದಕ್ಕೆ ಮೂರು ಮೀಟರ್ ಕಮ್ಮಿ. ಮಧ್ಯದಲ್ಲಿ ಜೋಡಿಸುವ ಹಾಗಿಲ್ಲ. ಹಾಗೆ ಎಣಿಸಿದರೆ 40 ಪೆಟ್ಟಿಗೆ. ನಾನು ಪ್ರತಿ ಪಾಯಿಂಟ್‌ನ ಉದ್ದ ಬರೆದುಕೊಂಡಿದ್ದೆ. ದೂರದ್ದನ್ನು ಮೊದಲು ಎಳೆಸಿ, ಪೆಟ್ಟಿಗೆಯ ಕೊನೆಯ ತುಂಡುಗಳನ್ನು ರೂಮಿನ ಹತ್ತಿರದ ಮೇಜುಗಳಿಗೆ ಕೊಡಿಸಿದೆ. 37ರಲ್ಲಿ ಮುಗಿಯಿತು. ಕೇಬಲ್ ಮೈಮೇಲೆ ಮೀಟರ್ ಅಂಕಿ ಅಚ್ಚಾಗಿರುತ್ತದೆ, ಅದನ್ನು ನೋಡಿಕೊಂಡೇ ಕತ್ತರಿಸಬೇಕು.

ಪೆಟ್ಟಿಗೆಗಳು ಬಂದ ದಿನದ ಮಾತು ಹೇಳಲೇಬೇಕು. ಒಂದು ಪೆಟ್ಟಿಗೆ ಎತ್ತಿದೆ. ಹಗುರ ಅನ್ನಿಸಿತು. ಮೊದಲು ಒಪ್ಪಿದ್ದ ಸ್ಯಾಂಪಲ್ ಪೆಟ್ಟಿಗೆ ಪಕ್ಕದಲ್ಲೇ ಇತ್ತು, ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ನೋಡಿದೆ. ಹೊರಗಿನ ಮುದ್ರೆ, ಬಣ್ಣ ಎಲ್ಲ ಒಂದೇ. ಒಂದು ಗೇಣು ಕತ್ತರಿಸಿ, ಸಿಪ್ಪೆ ಸುಲಿದು, ಒಂದು ಎಳೆಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ಕೆಂಪು ಬಣ್ಣ ಪುಡಿಯಾಗಿ ಉದುರಿತು. ಕೆಳಗೆ ಬಿಳಿ ಹೊಳಪು. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಮಾಲು ಅದು. ನಿಜವಾದ ತಾಮ್ರವನ್ನು ಎಷ್ಟು ಕೆರೆದರೂ ಒಳಗೂ ಕೆಂಪೇ. ಲೇಪದ ತಂತಿಯಲ್ಲಿ ಕರೆಂಟಿಗೆ ತಡೆ ಜಾಸ್ತಿ, ಬಿಸಿ ಜಾಸ್ತಿ, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಮಾನದಂಡ ಅದನ್ನು ಒಪ್ಪುವುದೇ ಇಲ್ಲ. ಇಡೀ ಲೋಡು ವಾಪಸ್ ಕಳಿಸಿದೆವು. ಎಂಟು ದಿನ ಕೆಲಸ ನಿಂತಿತು, ಎಲ್ಲರೂ ನನ್ನ ಮೇಲೆ ಸಿಟ್ಟಾದರು. ಆದರೂ ಆ ಮಾಲನ್ನು ಗೋಡೆಯೊಳಗೆ ಬಿಡಲು ನನ್ನ ಮನಸ್ಸು ಒಪ್ಪಲಿಲ್ಲ.

ಎಳೆಯುವ ಕೆಲಸ ಶುರುವಾದ ಮೂರನೇ ದಿನ ಇನ್ನೊಂದು ಕಂಡಿತು. ನಮ್ಮ ಟ್ರೇಯಲ್ಲಿ ಎರಡು ದಪ್ಪ ಕರೆಂಟ್ ಕೇಬಲ್ ಮಲಗಿದ್ದವು. ಎಲೆಕ್ಟ್ರಿಕಲ್ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. "ಖಾಲಿ ಇತ್ತಲ್ಲ ಮೇಡಂ, ಅದಕ್ಕೆ ಹಾಕಿದೆ" ಎಂದರು. ನಾನು ಅಲ್ಲೇ ಒಂದು ತುಂಡು ಡೇಟಾ ಕೇಬಲ್ ಬಿಚ್ಚಿ ತೋರಿಸಿದೆ. "ನೋಡಿ, ನಾಲ್ಕು ಜೋಡಿ. ಒಂದೊಂದು ಜೋಡಿಯ ಹುರಿ ಒಂದೊಂದು ಥರ. ಇದು ಬಿಗಿ, ಇದು ಸಡಿಲ. ಪಕ್ಕದವರ ಸದ್ದು ಒಳಗೆ ಬರದೇ ಇರಲಿ ಅಂತ ಹೀಗೆ ಹೊಸೆದಿರ್ತಾರೆ. ಆದರೂ ನಿಮ್ಮ ಕೇಬಲ್ ಎಪ್ಪತ್ತು ಮೀಟರ್ ಇದರ ಪಕ್ಕದಲ್ಲೇ ಓಡಿದರೆ ತಡೆಯೋದು ಕಷ್ಟ. ಅಪಾಯನೂ ಹೌದು." ಅವರು ಆ ತುಂಡನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಸಂಜೆಯೊಳಗೆ ಕೇಬಲ್ ತೆಗೆಸಿದರು. ಪಕ್ಕಪಕ್ಕದಲ್ಲಿ ಹೋಗುವ ಕಡೆ 30 ಸೆಂಟಿಮೀಟರ್ ಅಂತರ, ದಾಟುವ ಕಡೆ ಅಡ್ಡಡ್ಡವಾಗಿ ನೇರ ಕೋನದಲ್ಲಿ ಎಂದು ಇಬ್ಬರೂ ಒಪ್ಪಿಕೊಂಡೆವು. ಆಮೇಲೆ ಅವರೇ ತಮ್ಮ ಹುಡುಗರಿಗೆ ಕಾವಲು ನಿಂತರು.

ತುದಿ ಕೂರಿಸುವಾಗ ನಾನು ಹತ್ತಿರ ಕೂತು ನೋಡುತ್ತೇನೆ. ಜೋಡಿಯ ಹುರಿಯನ್ನು 13 ಮಿಲಿಮೀಟರ್‌ಗಿಂತ ಜಾಸ್ತಿ ಬಿಚ್ಚಬಾರದು. ಅಂದರೆ ಕಿರುಬೆರಳಿನ ಉಗುರಿನಷ್ಟು. ಕೆಲವರು ನೋಡಲು ಚಂದ ಇರಲಿ ಎಂದು ಎರಡು ಇಂಚು ಬಿಚ್ಚಿ, ಬೆರಳಿನಲ್ಲಿ ನೇರ ಮಾಡಿ, ಬಾಚಿದ ಕೂದಲಿನಂತೆ ಜೋಡಿಸುತ್ತಾರೆ. ಅದು ಕಣ್ಣಿಗೆ ಚಂದ, ಸಿಗ್ನಲ್‌ಗೆ ಕೇಡು. ಹುರಿ ಇಲ್ಲದ ಆ ಜಾಗದಲ್ಲೇ ಒಂದು ಜೋಡಿಯ ಮಾತು ಇನ್ನೊಂದಕ್ಕೆ ಕೇಳಿಸುವುದು.

ಮಹಡಿಯಿಂದ ಮಹಡಿಗೆ ಫೈಬರ್. ಎರಡು ಬೇರೆ ಬೇರೆ ದಾರಿಯಲ್ಲಿ ಒಂದೊಂದು ಕೇಬಲ್, ಹನ್ನೆರಡು ಎಳೆಯದು. ಸ್ಲ್ಯಾಬ್ ಕೊರೆದ ತೂತುಗಳಿಗೆ ಬೆಂಕಿ ತಡೆಯುವ ಮುಚ್ಚಿಗೆ. ಅದು ತಂಟೆ ತಕರಾರಿಲ್ಲದೆ ಮುಗಿಯಿತು.

ತೊಂದರೆ ಬಂದದ್ದು ಎಲ್ಲ ಮುಗಿಯಿತು ಎಂದುಕೊಂಡಾಗ. ಮೊದಲ ಮಹಡಿಗೆ ಜನ ಮುಂಚೆಯೇ ಬಂದು ಕೂತರು. ಒಂದು ಸಾಲಿನ ಹದಿನೆಂಟು ಮೇಜಿನಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಬಂದಾಗಲೂ ನಿಧಾನ. ಸ್ವಿಚ್ ಬದಲಿಸಿದರು, ಸಾಫ್ಟ್‌ವೇರ್ ಬದಲಿಸಿದರು. ನಾನು ದೊಡ್ಡ ಟೆಸ್ಟರ್ ತಂದು ಗೋಡೆಯೊಳಗಿನ ಆ ಹದಿನೆಂಟು ಕೇಬಲ್‌ಗಳನ್ನೂ ಮತ್ತೆ ಅಳೆದೆ. ಎಲ್ಲ ಪಾಸ್. ಎರಡು ದಿನ ತಲೆ ಕೆಟ್ಟುಹೋಯಿತು.

ಮೂರನೇ ದಿನ ಒಂದು ಮೇಜಿನ ಕೆಳಗೆ ಕೂತು ಪ್ಯಾಚ್ ಕಾರ್ಡ್ ಕಿತ್ತು ಬೆಳಕಿಗೆ ಹಿಡಿದೆ. ಪಾರದರ್ಶಕ ಪ್ಲಗ್. ಒಳಗಿನ ಬಣ್ಣ ಎಡದಿಂದ ಓದಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು. ಅಲ್ಲಿಗೆ ನಿಂತೆ. ನಾಲ್ಕನೆಯದು ನೀಲಿ ಇರಬೇಕು. ಹಸಿರು ಬರಬೇಕಾದದ್ದು ಆರನೆಯ ಜಾಗಕ್ಕೆ. ಫ್ಯಾಕ್ಟರಿಯ ಕಾರ್ಡ್‌ಗಳು ಬರುವುದು ತಡವಾಯಿತೆಂದು ಯಾರೋ ಅಲ್ಲೇ ಕೈಯಲ್ಲಿ ಪ್ಲಗ್ ಒತ್ತಿ ಕೂರಿಸಿ ಕೊಟ್ಟಿದ್ದರು. ಜೋಡಿ ಜೋಡಿಯಾಗಿ ಸಾಲಾಗಿ ಕೂರಿಸಿದ್ದರು, ಎರಡೂ ಕಡೆ ಹಾಗೇ. ಚಿಕ್ಕ ಲೈಟ್ ಟೆಸ್ಟರ್‌ನಲ್ಲಿ ಒಂದರಿಂದ ಎಂಟರವರೆಗೆ ಸರಿಯಾಗಿ ಹತ್ತುತ್ತದೆ. ತಂತಿ ತಲುಪಿದೆಯಾ ಎಂದು ಮಾತ್ರ ಅದು ನೋಡುವುದು. ಆದರೆ ಮೂರು ಮತ್ತು ಆರನೆಯ ಪಿನ್ ಒಂದು ಜೋಡಿಯಾಗಿ ಕೆಲಸ ಮಾಡುತ್ತವೆ. ಇಲ್ಲಿ ಆ ಎರಡಕ್ಕೂ ಬೇರೆ ಬೇರೆ ಹುರಿಯ ಎಳೆ ಬಂದು ಕೂತಿತ್ತು. ನಾಲ್ಕು ಮತ್ತು ಐದರದ್ದೂ ಅದೇ ಕಥೆ. ಹೊಸೆದದ್ದರ ಫಲವೇ ಹೋಗಿಬಿಟ್ಟಿತು.

ಯಾರು ಮಾಡಿದ್ದು ಎಂದು ಕೇಳಲಿಲ್ಲ. ಎಲ್ಲ ಕಾರ್ಡ್‌ಗಳನ್ನೂ ಕಿತ್ತು ರಾಶಿ ಹಾಕಿ, ಕೆಲಸದ ಹುಡುಗರನ್ನೆಲ್ಲ ಕೂರಿಸಿ ಒಂದೊಂದು ಪ್ಲಗ್ ಕೈಗೆ ಕೊಟ್ಟೆ. "ಬಣ್ಣ ಓದಿ" ಎಂದೆ. ಒಬ್ಬ ಹುಡುಗ ಎರಡು ಸಲ ಓದಿ ತಲೆ ಎತ್ತಿ, "ಮೇಡಂ, ಮಧ್ಯದ ನೀಲಿ ಜೋಡಿನ ಹಸಿರು ಅಪ್ಪಿಕೊಂಡಿರ್ಬೇಕು ಅಲ್ವಾ?" ಎಂದ. ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ವಿವರಿಸಿಲ್ಲ. ಈಗ ಹೊಸಬರಿಗೆ ನಾನೂ ಹಾಗೇ ಹೇಳಿಕೊಡುತ್ತೇನೆ.

ಕೊನೆಯ ವಾರ ಪೂರ್ತಿ ಲೇಬಲ್. ಮಹಡಿ, ರೂಮು, ಪ್ಯಾನೆಲ್, ಪೋರ್ಟ್. 3-ಎ-05-17 ಎಂದರೆ ಮೂರನೇ ಮಹಡಿ, ಎ ರೂಮು, ಐದನೇ ಪ್ಯಾನೆಲ್, ಹದಿನೇಳನೇ ಪೋರ್ಟ್. ಇದೇ ಸಂಖ್ಯೆ ಪ್ಯಾನೆಲ್ ಮೇಲೆ, ಮೇಜಿನ ಪೆಟ್ಟಿಗೆ ಮೇಲೆ, ಕೇಬಲ್‌ನ ಎರಡೂ ತುದಿಯಲ್ಲಿ, ಟೆಸ್ಟರ್‌ನ ವರದಿಯಲ್ಲಿ, ನಕ್ಷೆಯಲ್ಲಿ. ಪೆನ್ನಿನಲ್ಲಿ ಬರೆಯಲು ಬಿಡಲಿಲ್ಲ, ಎರಡು ವರ್ಷಕ್ಕೆ ಅಳಿಸಿಹೋಗುತ್ತದೆ. ನಕ್ಷೆಯನ್ನೂ ಮೊದಲಿನದಲ್ಲ, ಕೇಬಲ್ ನಿಜವಾಗಿ ಹೋದ ದಾರಿಯದ್ದನ್ನು ಹೊಸದಾಗಿ ಬರೆಸಿ, ಪ್ರತಿ ರ್ಯಾಕ್‌ನ ಬಾಗಿಲ ಒಳಗೆ ಅಂಟಿಸಿದೆವು.

ಏಳು ತಿಂಗಳ ಮೇಲೆ ಒಂದು ಸಂಜೆ ಫೋನ್ ಬಂತು. ಮೂರನೇ ಮಹಡಿಯಲ್ಲಿ ಒಂದು ತಂಡ ಜಾಗ ಬದಲಿಸಿತ್ತು. ಹದಿನಾಲ್ಕು ಮೇಜು ಸರಿದಿದ್ದವು. ಆ ಕಡೆ ಮಾತಾಡಿದ ಹುಡುಗಿ ಕೆಲಸಕ್ಕೆ ಹೊಸಬಳು, ರ್ಯಾಕ್ ಮುಂದೆ ನಿಂತಿದ್ದಳು. "ಎಲ್ಲಾ ನಾನೇ ಹಾಕಿದೆ ಮೇಡಂ, ಒಂದು ಮಾತ್ರ ಬರ್ತಿಲ್ಲ." ಮೇಜಿನ ಪೆಟ್ಟಿಗೆ ಮೇಲೆ ಏನು ಬರೆದಿದೆ ಎಂದು ಕೇಳಿದೆ. 3-ಎ-05-17 ಎಂದಳು. ನೀವು ಸ್ವಿಚ್‌ಗೆ ಹಾಕಿದ್ದು ಯಾವ ಪೋರ್ಟ್‌ನಿಂದ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಕಾರ್ಡ್ ಕಿತ್ತು ಹಾಕಿದ ಟಕ್ ಶಬ್ದ ಫೋನಿನಲ್ಲೇ ಕೇಳಿಸಿತು. "ಹದಿನೆಂಟಕ್ಕೆ ಹಾಕಿದ್ದೆ ಮೇಡಂ. ಈಗ ಹಸಿರು ಲೈಟ್ ಬಂತು."